ಸಿಹಿನೀರಿನ ಲೆಕ್ಕ: ನಂದವರಂ-ಆದವಾನಿ ಸೀಮೆಯಲ್ಲಿ ನೀರಿನ ಗುಣದ ಚರಿತ್ರೆ

ಹಳೆಯ ಆದವಾನಿ ತಾಲೂಕಿನ ಮ್ಯಾಕದೋಣಿ ಮತ್ತು ಚಿನ್ನಕಡಬೂರು ಗ್ರಾಮಗಳ ನಡುವಿನ ಗುಡ್ಡದಲ್ಲಿ, ಸಹಜ ಬಂಡೆಯೊಂದರ ಮೇಲೆ, ಪ್ರಾಕೃತ ಭಾಷೆಯ ಒಂದು ಚಿಕ್ಕ ಶಾಸನವಿದೆ. ಸಾತವಾಹನ ವಂಶದ ಸಿರಿ ಪುಳುಮಾವಿಯ ಎಂಟನೆಯ ಆಳ್ವಿಕೆಯ ವರ್ಷಕ್ಕೆ ಸೇರಿದ ಈ ಶಾಸನ ಸಾತವಾಹನಿಹಾರ ಎಂಬ ನಾಡನ್ನು, ಅದರ ಮೇಲಿದ್ದ ಮಹಾಸೇನಾಪತಿ ಖಂದನಾಗನನ್ನು, ಗುಮಿಕ ಕುಮಾರದತ್ತನ ಅಧೀನದಲ್ಲಿದ್ದ ವೇಪುರಕ ಎಂಬ ಹಳ್ಳಿಯನ್ನು ಹೆಸರಿಸಿ, ಆ ಹಳ್ಳಿಯ ಗೃಹಪತಿ ಸಂಬನು ಒಂದು ‘ತಳಾಕ’ವನ್ನು ತೋಡಿಸಿದನೆಂದು ಹೇಳಿ ಮುಗಿಯುತ್ತದೆ. ಎಪಿಗ್ರಾಫಿಯಾ ಇಂಡಿಕಾದ 14ನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದವರು ವಿ. ಎಸ್. ಸುಕ್ತಂಕರ್. ಮುಂದೆ ಪುಣೆಯ ಮಹಾಭಾರತ ಪರಿಷ್ಕರಣದ ಪ್ರಧಾನ ಸಂಪಾದಕರಾಗಿ ಪ್ರಸಿದ್ಧರಾದ ಈ ವಿದ್ವಾಂಸರು ಸಾತವಾಹನಿಹಾರ ಎಂಬ ಪದವನ್ನು, ಪಲ್ಲವ ಶಿವಸ್ಕಂದವರ್ಮನ ಹಿರೇಹಡಗಲಿ ತಾಮ್ರಪಟದಲ್ಲಿ ಬರುವ ಸಾತಾಹನಿರಟ್ಠದ ಜೊತೆಗಿಟ್ಟು, ಸಾತವಾಹನರ ಮೂಲನೆಲೆ ಬಳ್ಳಾರಿ ಸೀಮೆಯೇ ಆಗಿರಬೇಕೆಂದು ವಾದಿಸಿದರು. ಆ ವಾದದ ಪರ ವಿರೋಧಗಳಲ್ಲಿ ಹಲವು ದಶಕಗಳೇ ಕಳೆದವು. ರಾಜವಂಶದ ಊರು ಯಾವುದೆಂಬ ಚರ್ಚೆಯ ನಡುವೆ ಸಂಬನ ಕೊಳ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ದಕ್ಷಿಣ ಭಾರತದಲ್ಲಿ ಒಬ್ಬ ಸಾಮಾನ್ಯ ಗೃಹಸ್ಥ ನೀರಿಗಾಗಿ ನೆಲ ತೋಡಿಸಿದ್ದಕ್ಕೆ ದೊರೆಯುವ ಅತಿ ಪ್ರಾಚೀನ ಬರಹಗಳಲ್ಲಿ ಇದು ಒಂದು. ಅದು ಆದವಾನಿಯಂಥ ಒಣಸೀಮೆಯಲ್ಲಿ ದೊರೆತಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ಊರಿನ ಹೆಸರಿನ ಉತ್ತರಾರ್ಧದಲ್ಲಿಯೂ ಕನ್ನಡದ ‘ದೊಣೆ’, ಎಂದರೆ ಬಂಡೆಯ ತಗ್ಗಿನಲ್ಲಿ ಮಳೆನೀರು ನಿಲ್ಲುವ ಜಾಗ, ಕೇಳಿಸುತ್ತದೆ. ತೆಲುಗಿನ ಕಿವಿಗೂ ಆ ಪದ ಅಪರಿಚಿತವಲ್ಲ.

ಇದೇ ಸೀಮೆಯ ದಕ್ಷಿಣಕ್ಕೆ, ಗುತ್ತಿ ಮತ್ತು ಪತ್ತಿಕೊಂಡಗಳ ನಡುವಿನ ಎರ್ರಗುಡಿಯಲ್ಲಿ ಅಶೋಕನ ಹದಿನಾಲ್ಕು ಬಂಡೆಶಾಸನಗಳೂ ಇವೆ. ಅವುಗಳಲ್ಲಿ ಎರಡನೆಯದು ದಾರಿಗಳ ಬದಿಯಲ್ಲಿ ಮನುಷ್ಯರಿಗೂ ಪಶುಗಳಿಗೂ ಬಾವಿ ತೋಡಿಸಿದ, ಮರ ನೆಡಿಸಿದ ಸಂಗತಿಯನ್ನು ಹೇಳುತ್ತದೆ. ಸಾಮ್ರಾಟನ ಬಾವಿ, ಗೃಹಸ್ಥನ ಕೊಳ ಎರಡೂ ಕುಡಿಯುವ ನೀರಿನ ಕಡೆಗೇ ಬೆರಳು ಮಾಡುತ್ತವೆ. ಆದರೆ ಈ ಪ್ರದೇಶದ ನೀರಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಪ್ರಮಾಣದ ಚರಿತ್ರೆಯನ್ನು ಬರೆದಿದ್ದಾರೆ. ಎಷ್ಟು ಮಳೆ, ಎಷ್ಟು ಎಕರೆ, ನಾಲೆಯಲ್ಲಿ ಎಷ್ಟು ನೀರು, ಬರದಲ್ಲಿ ಎಷ್ಟು ಸಾವು ಎಂಬ ಲೆಕ್ಕಗಳು ದಫ್ತರುಗಳಲ್ಲಿ ಹೇರಳವಾಗಿವೆ. ಬಾವಿಯ ನೀರು ಎಂಥದು, ಅದನ್ನು ಕುಡಿಯಬಹುದೇ, ಕುಡಿಯಬಹುದೆಂದು ಯಾರು ನಿರ್ಣಯಿಸಿದರು ಎಂಬ ಪ್ರಶ್ನೆ ಆ ಲೆಕ್ಕಗಳ ಅಂಚಿನಲ್ಲಿಯೇ ಉಳಿದಿದೆ. ನಂದವರಂ ಮತ್ತು ಆದವಾನಿಯ ಸುತ್ತಣ ಹಳ್ಳಿಗಳಲ್ಲಿ ಬದುಕನ್ನು ನಿರ್ಧರಿಸಿದ್ದು ಅನೇಕ ವೇಳೆ ಈ ಎರಡನೆಯ ಪ್ರಶ್ನೆಯೇ.

ನಂದವರಂ ಇಂದಿನ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಒಂದು ಮಂಡಲ ಕೇಂದ್ರ. ಎಮ್ಮಿಗನೂರು, ಮಂತ್ರಾಲಯಗಳ ನೆರೆಯದು. (ಬನಗಾನಪಲ್ಲಿಯ ಬಳಿ ಚೌಡೇಶ್ವರಿ ದೇಗುಲವಿರುವ ಇನ್ನೊಂದು ನಂದವರಂ ಇದೆ. ಎರಡನ್ನೂ ಬೆರೆಸಿ ಬರೆಯುವ ತಪ್ಪು ಆಗಾಗ ಕಾಣುತ್ತದೆ.) ಮಂಡಲದ ಉತ್ತರಕ್ಕೆ ತುಂಗಭದ್ರೆ ಹರಿಯುತ್ತದೆ, ನದಿಯ ದಡದಲ್ಲಿ ನಾಗಲದಿನ್ನೆ. ‘ದಿನ್ನೆ’ ಎಂಬುದು ಕನ್ನಡದ ದಿಣ್ಣೆಯೇ. ಹೊಳೆಯ ಪಕ್ಕದ ಊರು ದಿಣ್ಣೆಯ ಮೇಲಿರಬೇಕೆಂಬ ತಿಳಿವಳಿಕೆ ಆ ಹೆಸರಿನಲ್ಲಿದೆ. 2009ರ ಅಕ್ಟೋಬರ್ ಮೊದಲ ವಾರದ ಮಹಾಪೂರದಲ್ಲಿ ಮಂತ್ರಾಲಯ ಮುಳುಗಿ, ನಾಗಲದಿನ್ನೆಯ ಸೇತುವೆ ಕೊಚ್ಚಿಹೋದಾಗ ಆ ತಿಳಿವಳಿಕೆಯೂ ಸಾಲದಾಯಿತು. ಹೊಳೆಯಿಂದ ದಕ್ಷಿಣಕ್ಕೆ ಸರಿದಂತೆ ಬಯಲು ಎರೆಭೂಮಿ, ನಡುನಡುವೆ ಬೆಣಚುಕಲ್ಲಿನ ಗುಡ್ಡಗಳು, ಗುಡ್ಡದ ಬುಡದಲ್ಲಿ ಮಸಾರಿ ನೆಲ. ವರ್ಷದ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು. ತೆರೆದ ನೀರಿನ ಮೇಲ್ಮೈಯಿಂದ ಬಿಸಿಲು ಹೀರಿಕೊಳ್ಳುವ ನೀರು ಅದರ ಮೂರು ಪಟ್ಟಿಗೂ ಕಡಿಮೆಯಿಲ್ಲ.

ಈ ಒಂದು ಅಸಮತೋಲದಲ್ಲಿಯೇ ಇಲ್ಲಿನ ನೀರಿನ ರುಚಿಯ ಕಾರಣವಿದೆ. ಎರೆಮಣ್ಣು ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಇಳಿಯುತ್ತದೆ. ಮಣ್ಣು ನೆನೆದು ಉಬ್ಬಿದೊಡನೆ ಬಿರುಕು ಮುಚ್ಚಿ, ಆಮೇಲೆ ಬಿದ್ದ ಮಳೆ ಹಳ್ಳಕ್ಕೆ ಹರಿದುಹೋಗುತ್ತದೆ. ಕೆಳಗಿಳಿದ ಅಲ್ಪ ನೀರು, ಕೊಳೆತ ಗ್ನೈಸ್ ಶಿಲೆಯ ಪದರದಲ್ಲಿ ನಿಧಾನವಾಗಿ ಚಲಿಸುತ್ತ ಶಿಲೆಯ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ತಗ್ಗಿನಲ್ಲಿ ಅಂತರ್ಜಲ ಮೇಲ್ಮೈಗೆ ಸಮೀಪವಿದ್ದರೆ ಬಿಸಿಲು ನೀರನ್ನು ಮೇಲಕ್ಕೆಳೆದು ಉಪ್ಪನ್ನು ನೆಲದಲ್ಲಿ ಬಿಡುತ್ತದೆ. ಆ ಬಿಳಿಯ ಪೊರೆಗೆ ಜನ ಸವುಳು ಎನ್ನುತ್ತಾರೆ. ಹೀಗಾಗಿ ಒಂದೇ ಊರಿನಲ್ಲಿ ಕೂಗಳತೆಯ ದೂರದ ಎರಡು ಬಾವಿಗಳ ನೀರು ಬೇರೆ ಬೇರೆಯಾಗಿರಬಲ್ಲದು. ಗುಡ್ಡದ ಬುಡದ ಮಸಾರಿಯಲ್ಲಿ, ಹಳ್ಳದ ಮರಳಿನಲ್ಲಿ, ಕೆರೆಯ ಏರಿಯ ಕೆಳಗೆ ತೋಡಿದ ಬಾವಿ ಸಿಹಿ; ಎರೆಯ ನಡುವಿನದು ಸವುಳು. ಸಿಹಿನೀರು ಎನ್ನುವಾಗ ಕನ್ನಡವೂ, ಮಂಚಿನೀಳ್ಳು ಎನ್ನುವಾಗ ತೆಲುಗೂ ಇದೇ ಭೇದವನ್ನು ಗುರುತಿಸುತ್ತವೆ. ಒಂದು ನಾಲಿಗೆಯ ಅನುಭವವನ್ನು ಹೇಳುತ್ತದೆ, ಇನ್ನೊಂದು ‘ಒಳ್ಳೆಯದು’ ಎಂಬ ತೀರ್ಮಾನವನ್ನೇ ಕೊಡುತ್ತದೆ. ಈ ಎರಡು ಪದಗಳ ನಡುವಿನ ಅಂತರ ಮುಂದೆ ಮುಖ್ಯವಾಗುತ್ತದೆ.

ಸವುಳನ್ನು ದೋಷವೆಂದಷ್ಟೇ ನೋಡುವುದು ಈಚಿನ ದೃಷ್ಟಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದೊಂದು ಕಸುಬಿನ ಬಂಡವಾಳವಾಗಿತ್ತು. ಬಳ್ಳಾರಿ ಜಿಲ್ಲೆಯ ಉಪ್ಪಾರರು ಸವುಳು ಮಣ್ಣನ್ನು ಒಟ್ಟಿ, ನೀರು ಹಾಯಿಸಿ, ಬಸಿದುಬಂದ ಉಪ್ಪುನೀರನ್ನು ಮಡಿಗಳಲ್ಲಿ ಒಣಗಿಸಿ ಮಣ್ಣುಪ್ಪನ್ನು ತೆಗೆಯುತ್ತಿದ್ದರು. ಕರಾವಳಿಯ ಉಪ್ಪು ದೂರದಿಂದ ಎತ್ತಿನ ಮೇಲೆ ಬರಬೇಕಾಗಿದ್ದ ಕಾಲದಲ್ಲಿ ಬಡವರ ಗಂಜಿಗೆ ಇದೇ ಉಪ್ಪು. ಮದ್ರಾಸ್ ಸರ್ಕಾರ 1805ರಲ್ಲಿ ಉಪ್ಪಿನ ಏಕಸ್ವಾಮ್ಯವನ್ನು ಸ್ಥಾಪಿಸಿತು. ಒಳನಾಡಿನ ಮಣ್ಣುಪ್ಪು ಕೆಲವು ದಶಕ ಹೇಗೋ ಉಳಿದುಕೊಂಡಿತಾದರೂ, ಶತಮಾನದ ಕೊನೆಯ ದಶಕಗಳಲ್ಲಿ ಸರ್ಕಾರ ಅದನ್ನು ಕ್ರಮಕ್ರಮವಾಗಿ ಅಡಗಿಸಿತು. ಉಪ್ಪಾರರ ಕಸುಬು ಹೋಯಿತು. ಅವರು ಮಣ್ಣಿನ ಕೆಲಸಕ್ಕೆ, ಕೆರೆ ಬಾವಿಗಳ ಅಗೆತಕ್ಕೆ ಹೆಚ್ಚು ಹೆಚ್ಚಾಗಿ ತಿರುಗಿದರು. ಯಾವ ನೆಲದಲ್ಲಿ ಉಪ್ಪಿದೆ, ಯಾವುದರಲ್ಲಿ ಇಲ್ಲ ಎಂದು ಬಲ್ಲ ಕೈಗಳೇ ಬಾವಿಯನ್ನೂ ತೋಡುತ್ತಿದ್ದವು ಎಂಬ ಸಂಗತಿಯನ್ನು ಜಾತಿಗಳ ಕೈಪಿಡಿಗಳು ಒಂದು ಕಸುಬಿನ ವಿವರಣೆಯಾಗಿ ಮಾತ್ರ ದಾಖಲಿಸಿವೆ. ಅದು ಭೂಜಲದ ಒಂದು ಜ್ಞಾನಪರಂಪರೆಯೂ ಹೌದು.

ಕೆರೆಗಳ ವಿಷಯದಲ್ಲಿ ಶಾಸನಗಳು ಉದಾರವಾಗಿವೆ. ಬಿತ್ತುವಟ್ಟ, ಕೆರೆಗೊಡಗೆ ಮುಂತಾದ ಕನ್ನಡ ಪದಗಳು ಕೆರೆಯನ್ನು ಕಟ್ಟಿದವನಿಗೂ ಕಾಪಾಡುವವನಿಗೂ ಸಲ್ಲುತ್ತಿದ್ದ ನೆಲ, ಧಾನ್ಯ, ತೆರಿಗೆಯ ಪಾಲುಗಳನ್ನು ಸೂಚಿಸುತ್ತವೆ. ಬುಕ್ಕನ ಮಗ ಭಾಸ್ಕರ ಭವದೂರನ ಪೋರುಮಾಮಿಳ್ಳ ಶಾಸನ (ಶಕ 1291, ಕ್ರಿ. ಶ. 1369) ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಅದನ್ನು ಕೆಡಿಸುವ ಆರು ದೋಷಗಳನ್ನೂ ಎಣಿಸುತ್ತದೆ. ಸವುಳು ಮಣ್ಣು ಆ ದೋಷಗಳಲ್ಲಿ ಒಂದು ಎಂಬುದನ್ನು ಇಲ್ಲಿ ನೆನೆಯಬೇಕು. ಸೀಡೆಡ್ ಜಿಲ್ಲೆಗಳು 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದಾಗ, ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ ಎದುರಿಸಿದ ಹಳೆಯ ಹಕ್ಕುಗಳಲ್ಲಿ ದಶಬಂಧ ಇನಾಮು ಒಂದು. ಕೆರೆ ಅಥವಾ ಬಾವಿಯನ್ನು ತನ್ನ ಖರ್ಚಿನಲ್ಲಿ ಕಟ್ಟಿದವನು ಅದರ ದುರಸ್ತಿಯ ಹೊಣೆಯೊಡನೆ ಪಡೆಯುತ್ತಿದ್ದ ನೆಲ. ಮುಂದೆ ಇನಾಮು ಆಯೋಗ ಇಂಥ ಹಕ್ಕುಗಳನ್ನು ದಾಖಲೆಗೆ ತಂದಿತು. ದಾಖಲೆ ಗಟ್ಟಿಯಾದಷ್ಟೂ ಹೊಣೆ ಸಡಿಲವಾಯಿತು. ಆದರೆ ಆದವಾನಿಯ ಎರೆಬಯಲಿಗೆ ಕೆರೆಯ ಈ ಕಥೆ ಪೂರ್ತಿಯಾಗಿ ಅನ್ವಯಿಸದು. ಸಮತಟ್ಟಾದ, ನೀರು ಬಿರುಕಿನಲ್ಲಿ ಕಳೆದುಹೋಗುವ ನೆಲದಲ್ಲಿ ಕೆರೆ ಕಟ್ಟುವುದು ಕಷ್ಟ. ಇಲ್ಲಿನ ಹಳ್ಳಿಗರು ಕುಡಿಯುವ ನೀರಿಗೆ ಹಳ್ಳದ ಮರಳಿನ ಒರತೆಯನ್ನು, ಮೆಟ್ಟಿಲಿಳಿದು ಕೊಡ ಮುಳುಗಿಸುವ ಬಾವಿಯನ್ನು, ಹೊಳೆಗೆ ಹತ್ತಿರವಿದ್ದವರು ಹೊಳೆಯನ್ನು ನೆಚ್ಚಿದರು.

ಹೊಳೆಯ ನೀರನ್ನು ಹೊಲಕ್ಕೆ ತರುವ ಮೊದಲ ದೊಡ್ಡ ಯತ್ನ ಈ ಸೀಮೆಯನ್ನು ಸ್ಪರ್ಶಿಸದೆ ಹೋಯಿತು. ಆರ್ಥರ್ ಕಾಟನ್ ಅವರ ಉತ್ಸಾಹದಿಂದ ಹುಟ್ಟಿದ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ಸುಂಕೇಸುಲದ ಬಳಿ ತುಂಗಭದ್ರೆಗೆ ಒಡ್ಡು ಹಾಕಿ, 1863ರಿಂದ 1871ರ ಅವಧಿಯಲ್ಲಿ ಕರ್ನೂಲು-ಕಡಪ ನಾಲೆಯನ್ನು ತೋಡಿತು. ಸುಂಕೇಸುಲ ನಾಗಲದಿನ್ನೆಯಿಂದ ಕೆಳಗೆ ಇದೆ. ನಂದವರಂ ಸೀಮೆಯ ದಡವನ್ನು ಸವರಿಕೊಂಡು ಹೋದ ನೀರು ಮುಂದಿನ ತಾಲೂಕುಗಳ ಪಾಲಾಯಿತು. ಅಲ್ಲಿಯೂ ಎರೆಭೂಮಿಯ ರೈತರು ಆ ನೀರನ್ನು ಸುಲಭವಾಗಿ ಕೊಳ್ಳಲಿಲ್ಲ. ಮಳೆಯಾದ ವರ್ಷ ಎರೆಗೆ ನಾಲೆಯ ನೀರು ಬೇಡ, ಹಾಯಿಸಿದರೆ ನೆಲ ಕೆಡುತ್ತದೆ ಎಂಬುದು ಅವರ ಹಿಂಜರಿಕೆ. ಕಂಪನಿಯ ಪಕ್ಷದವರಿಗೆ ಇದು ರೈತರ ಮೌಢ್ಯವೆಂದು ಕಂಡಿತು. ಸರ್ಕಾರ 1882ರಲ್ಲಿ ನಷ್ಟದ ಆ ನಾಲೆಯನ್ನು ಕೊಂಡುಕೊಂಡಿತು. ಮೌಢ್ಯ ಯಾರದಾಗಿತ್ತೆಂಬುದನ್ನು ಎಂಟು ದಶಕಗಳ ಬಳಿಕ ಸಿರುಗುಪ್ಪದ ಗದ್ದೆಗಳು ತೋರಿಸಿಕೊಟ್ಟವು; ಆ ಸಂಗತಿ ಮುಂದೆ ಬರುತ್ತದೆ.

ಧಾತು ಸಂವತ್ಸರದ ಬರ, ಎಂದರೆ 1876-78ರದು, ಬಳ್ಳಾರಿ ಜಿಲ್ಲೆಯ ಸುಮಾರು ಐದನೆಯ ಒಂದು ಭಾಗ ಜನರನ್ನು ಜನಗಣತಿಯಿಂದ ಅಳಿಸಿತು. ಕರ್ನೂಲು ಜಿಲ್ಲೆಯ ಸಂಖ್ಯೆ 1871ರಲ್ಲಿ 9,14,432 ಇದ್ದುದು 1881ರಲ್ಲಿ 6,78,551ಕ್ಕೆ ಇಳಿಯಿತು. ಈ ಬರದ ಚರಿತ್ರೆಯಲ್ಲಿ ಕೂಲಿಗೆ ಎಷ್ಟು ಧಾನ್ಯ ಕೊಡಬೇಕೆಂದು ರಿಚರ್ಡ್ ಟೆಂಪಲ್ ಮತ್ತು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ನಡುವೆ ನಡೆದ ವಾಗ್ವಾದ ಪ್ರಸಿದ್ಧ. ಆದರೆ ಬರಗಾಲದ ಸಾವುಗಳಲ್ಲಿ ಹಸಿವಿನಷ್ಟೇ ಕಾಲರಾ, ಭೇದಿಗಳದ್ದೂ ಪಾಲಿತ್ತು. ಬಾವಿಗಳು ಬತ್ತಿ ತಳದ ಕೆಸರುನೀರಿಗೆ ಇಳಿದಾಗ, ಸಾವಿರಾರು ಜನ ಒಂದೇ ಕಾಮಗಾರಿಯ ಶಿಬಿರದಲ್ಲಿ ಒಂದೇ ಹೊಂಡದಿಂದ ಕುಡಿಯುವಾಗ, ನೀರಿನ ಕೊರತೆ ನೀರಿನ ಕೇಡಾಗಿ ಮಾರ್ಪಟ್ಟಿತು. ಮಳೆಮಾಪಕದಲ್ಲಿ ಈ ಮಾರ್ಪಾಡು ಕಾಣಸಿಗದು. ಜಿಲ್ಲೆಯ ಎರಡು ಪ್ರಸಿದ್ಧ ಕೈಪಿಡಿಗಳು, 1872ರ ಜಾನ್ ಕೆಲ್ಸಾಲ್ ಅವರದು ಮತ್ತು 1904ರ ಡಬ್ಲ್ಯು. ಫ್ರಾನ್ಸಿಸ್ ಅವರದು, ಈ ಬರದ ಎರಡು ಬದಿಗಳಲ್ಲಿ ನಿಂತಿವೆ. ಇವುಗಳನ್ನು ಜೊತೆಗಿಟ್ಟು ಓದುವವರಿಗೆ ನಡುವಣ ನಷ್ಟ ಊಹೆಗೆ ಬರುತ್ತದೆ.

ಇಲ್ಲಿಯವರೆಗಿನ ಕಥೆಯಲ್ಲಿ ಸಿಹಿನೀರು ಒಳ್ಳೆಯದು, ಸವುಳು ಕೆಟ್ಟದ್ದು. ನಾರುಹುಣ್ಣಿನ ಚರಿತ್ರೆ ಈ ಸರಳ ಲೆಕ್ಕವನ್ನು ಕೆಡಿಸುತ್ತದೆ. ತೆಲುಗಿನಲ್ಲಿ ನಾರಿಕುರುಪು ಎಂದು ಕರೆಯುವ ಈ ರೋಗ ಒಣನಾಡಿನ ಎರಡೂ ಭಾಷೆಗಳಿಗೆ ಚಿರಪರಿಚಿತವಾಗಿತ್ತು. ರೋಗಿಯ ಕಾಲಿನಲ್ಲಿ ಬೊಕ್ಕೆ ಎದ್ದು ಒಡೆದು, ಸುಮಾರು ಒಂದು ಮೀಟರ್‌ವರೆಗೆ ಉದ್ದವಿರುವ ಹುಳು ನೂಲಿನಂತೆ ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಅಷ್ಟಷ್ಟೇ ಎಳೆಯಬೇಕು. ತುಂಡಾದರೆ ಕಾಲು ಬಾತು ಕೀವಾಗುತ್ತದೆ. ಉರಿಯನ್ನು ತಾಳಲಾರದೆ ರೋಗಿ ಮೆಟ್ಟಿಲುಬಾವಿಯ ನೀರಿನಲ್ಲಿ ಕಾಲಿಟ್ಟಾಗ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಅವನ್ನು ನುಂಗುತ್ತದೆ. ಆ ನೀರನ್ನು ಕುಡಿದವರ ಮೈಯಲ್ಲಿ ಸುಮಾರು ಒಂದು ವರ್ಷ ಬೆಳೆದು ಹುಳು ಮತ್ತೆ ಕಾಲಿಗೆ ಇಳಿಯುತ್ತದೆ. ಈ ಚಕ್ರದಲ್ಲಿ ಸೈಕ್ಲಾಪ್ಸಿನ ಪಾತ್ರವನ್ನು 1870ರಲ್ಲಿ ತುರ್ಕಿಸ್ತಾನದಲ್ಲಿ ಗುರುತಿಸಿದವನು ರಷ್ಯದ ಫೆದ್‌ಚೆಂಕೊ.

ಗಮನಿಸಬೇಕಾದದ್ದು, ಈ ಹುಳು ನೆಲೆಸುತ್ತಿದ್ದುದು ಊರು ಮೆಚ್ಚಿ ಕುಡಿಯುತ್ತಿದ್ದ ಸಿಹಿನೀರಿನ ಬಾವಿಯಲ್ಲಿಯೇ. ಸವುಳು ಬಾವಿಗೆ ಕುಡಿಯಲೆಂದು ಯಾರೂ ಇಳಿಯುತ್ತಿರಲಿಲ್ಲ. ಮೆಟ್ಟಿಲುಗಳು, ಅಂದರೆ ಕುಡಿಯುವವನ ಕಾಲು ನೀರಿಗೆ ತಾಗುವ ವ್ಯವಸ್ಥೆಯೇ, ರೋಗದ ದಾರಿ. ಬೇಸಿಗೆಯಲ್ಲಿ ನೀರು ಕೆಳಗಿಳಿದಷ್ಟೂ ಸೈಕ್ಲಾಪ್ಸ್ ದಟ್ಟವಾಗುತ್ತಿತ್ತು. ಭಾರತದ ನಾರುಹುಳು ನಿರ್ಮೂಲನ ಕಾರ್ಯಕ್ರಮ 1983-84ರಲ್ಲಿ ಆರಂಭವಾದಾಗ ಆಂಧ್ರಪ್ರದೇಶ, ಕರ್ನಾಟಕಗಳೆರಡೂ ರೋಗವಿದ್ದ ರಾಜ್ಯಗಳ ಪಟ್ಟಿಯಲ್ಲಿದ್ದವು. ಔಷಧಿಯಿಲ್ಲದ, ಲಸಿಕೆಯಿಲ್ಲದ ಈ ರೋಗ ಸೋತದ್ದು ಬಟ್ಟೆಯಲ್ಲಿ ನೀರು ಸೋಸುವುದರಿಂದ, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸುವುದರಿಂದ, ಕೈಪಂಪುಗಳಿಂದ. ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ವರದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಭಾರತವನ್ನು ರೋಗಮುಕ್ತವೆಂದು ದೃಢೀಕರಿಸಿತು. ಸಿಡುಬಿನ ನಿರ್ಮೂಲನದಷ್ಟು ಇದು ಪ್ರಚಾರ ಪಡೆಯಲಿಲ್ಲ. ರೋಗ ಬಡಹಳ್ಳಿಗಳದ್ದಾಗಿತ್ತು, ಗೆಲುವೂ ಅಲ್ಲಿಯದೇ ಆಗಿ ಉಳಿಯಿತು.

ಸಿಹಿನೀರಿನ ಬಾವಿಗೆ ಇನ್ನೊಂದು ಬೇಲಿಯಿತ್ತು. ಊರಿನಲ್ಲಿ ಕುಡಿಯುವಂಥ ಬಾವಿ ಒಂದೋ ಎರಡೋ ಇದ್ದಾಗ, ಅದರ ಮೆಟ್ಟಿಲಿಳಿಯುವ ಹಕ್ಕು ಜಾತಿಯದಾಗಿತ್ತು. ಕೇರಿಯ ಜನ ಮೇಲೆ ನಿಂತು, ಯಾರಾದರೂ ಕೊಡಕ್ಕೆ ಹುಯ್ಯುವವರೆಗೆ ಕಾಯಬೇಕು. ಇಲ್ಲವೆ ಸವುಳು ಬಾವಿಗೋ ಹಳ್ಳದ ಗುಂಡಿಗೋ ಹೋಗಬೇಕು. ಸಾರ್ವಜನಿಕ ಬಾವಿ, ಕೆರೆ, ದಾರಿಗಳಿಗೆ ಪ್ರವೇಶ ತಡೆಯುವುದನ್ನು ಮದ್ರಾಸ್ ಪ್ರಾಂತ್ಯ 1938ರ ಕಾಯಿದೆಯಿಂದ ನಿಷೇಧಿಸಿತು. ಅದಕ್ಕೂ ಹನ್ನೊಂದು ವರ್ಷ ಹಿಂದೆ ಮಹಾಡದ ಚೌದಾರ್ ಕೆರೆಯಲ್ಲಿ ಅಂಬೇಡ್ಕರ್ ನೀರು ಮುಟ್ಟಿದ್ದರು. ಸವುಳು ಸೀಮೆಯಲ್ಲಿ ಈ ಪ್ರಶ್ನೆಗೆ ಬೇರೊಂದು ತೀಕ್ಷ್ಣತೆ ಇರುತ್ತದೆ. ಎಲ್ಲ ನೀರೂ ಒಂದೇ ಆಗಿದ್ದ ಕಡೆ ಬೇರೆ ಬಾವಿ ತೋಡಿಕೊಡುವುದು ಅವಮಾನದ ಪರಿಹಾರವಾದರೂ ನೀರಿನ ಪರಿಹಾರವಾದೀತು. ಇಲ್ಲಿ ಬೇರೆ ಬಾವಿಯೆಂದರೆ ಅನೇಕ ವೇಳೆ ಬೇರೆ ನೀರು. ಕೇರಿಯ ಪಾಲಿಗೆ ಯಾವ ನೆಲ ಬಂದಿದೆಯೆಂಬುದೇ ಅದರ ಕೊಡದ ನೀರಿನ ರುಚಿಯನ್ನು ಗೊತ್ತುಮಾಡಿತು.

ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಉಳಿದ ಏಳು ತಾಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ತಾಲೂಕಿನ ಬಗ್ಗೆ ಮಾತ್ರ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ಪ್ರತ್ಯೇಕ ವಿಚಾರಣೆ ನಡೆಯಿತು. ಈ ವಿಭಜನೆಯ ಚರ್ಚೆಯಲ್ಲಿ ಭಾಷೆಯ ಅಂಕಿಗಳ ಹಿಂದೆ ಅಣೆಕಟ್ಟಿನ ನೆರಳಿತ್ತು. ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು 1945ರಲ್ಲಿ ಜಂಟಿಯಾಗಿ ಆರಂಭಿಸಿದ ತುಂಗಭದ್ರಾ ಯೋಜನೆಯಿಂದ ಅದೇ 1953ರ ಬೇಸಿಗೆಯ ಬಳಿಕ ನೀರು ಹರಿಯತೊಡಗಿತ್ತು. ಹೊಸಪೇಟೆಯ ಜಲಾಶಯ ಮೈಸೂರಿನಲ್ಲಿ, ಬಲದಂಡೆ ಕೆಳಮಟ್ಟದ ನಾಲೆಯ ಬಾಲ ಆಂಧ್ರದಲ್ಲಿ. ಆಂಧ್ರ ರಾಜ್ಯ ಕಾಯಿದೆಯ 66ನೆಯ ವಿಧಿಯನ್ವಯ ರಚಿತವಾದ ತುಂಗಭದ್ರಾ ಮಂಡಳಿ ಈ ಎರಡನ್ನೂ ಜೋಡಿಸುವ ಕೊಂಡಿಯಾಯಿತು. ನಾಲೆ ಕರ್ನಾಟಕದಲ್ಲಿ ಸುಮಾರು 250 ಕಿಲೋಮೀಟರ್ ಹರಿದು ಆದವಾನಿ, ಎಮ್ಮಿಗನೂರು ಕಡೆಗೆ ಬರುತ್ತದೆ. ಬಚಾವತ್ ನ್ಯಾಯಾಧಿಕರಣದ ಲೆಕ್ಕದಲ್ಲಿ ಈ ನಾಲೆಯಿಂದ ಆಂಧ್ರದ ಪಾಲು 24 ಟಿಎಂಸಿ.

ಯೋಜನೆಯನ್ನು ರೂಪಿಸಿದವರು ಬಲದಂಡೆಯ ಬಹುಭಾಗಕ್ಕೆ ಉದ್ದೇಶಿಸಿದ್ದು ಅರೆನೀರಾವರಿ: ಜೋಳ, ಹತ್ತಿಗೆ ಬರ ತಪ್ಪಿಸುವಷ್ಟು ನೀರು. ಎರೆಭೂಮಿಗೆ ನೀರು ಒಗ್ಗುವುದೇ ಎಂಬ ಅನುಮಾನ ಅವರಿಗೂ ಇತ್ತು. ಅದನ್ನು ಪರೀಕ್ಷಿಸಲೆಂದೇ ಸಿರುಗುಪ್ಪದಲ್ಲಿ 1930ರ ದಶಕದಲ್ಲಿ ಕೃಷಿ ಸಂಶೋಧನಾ ಕೇಂದ್ರವನ್ನು ತೆರೆಯಲಾಗಿತ್ತು. ನೀರು ಬಂದ ಮೇಲೆ ಮೇಲ್ಭಾಗದ ರೈತರು ಭತ್ತವನ್ನು ನೆಟ್ಟರು. ಮೇಲೆ ಜೌಗು, ಸವುಳು, ಕೆಳಗೆ ಕೊರತೆ. ಕರ್ನೂಲು-ಕಡಪ ನಾಲೆಯ ಕಾಲದ ಎರೆಯ ರೈತ ಯಾವುದಕ್ಕೆ ಅಂಜಿದ್ದನೋ ಅದೇ ಸಿರುಗುಪ್ಪ, ಗಂಗಾವತಿಗಳ ಗದ್ದೆಗಳಲ್ಲಿ ಬಿಳಿಯ ಪೊರೆಯಾಗಿ ಎದ್ದಿತು. ಬಾಲದ ಸೀಮೆಗೆ ನಾಲೆ ನೀರಾವರಿಗಿಂತ ಹೆಚ್ಚಾಗಿ ಕುಡಿಯುವ ನೀರಾಗಿ ಪರಿಣಮಿಸಿತು. ನಾಲೆ ಹರಿಯುವ ತಿಂಗಳುಗಳಲ್ಲಿ ತುಂಬಿಸಿಕೊಂಡು ಬೇಸಿಗೆಯಲ್ಲಿ ಬಳಸುವ ಶೇಖರಣಾ ಕೆರೆಗಳು ಊರೂರಿಗೆ ಎದ್ದವು. ಆದವಾನಿ ಪಟ್ಟಣ ಬಸಲದೊಡ್ಡಿಯ ಅಂಥ ಕೆರೆಯನ್ನು ನೆಚ್ಚಿದೆ. ನೆಲದ ಉಪ್ಪಿನಿಂದ ಬಿಡುಗಡೆ ಕೊಟ್ಟ ಈ ವ್ಯವಸ್ಥೆ ಸಣ್ಣ ಉಪಕಾರವಲ್ಲ. ನಾಲೆಯ ಜಿನುಗು ಸೇರಿ ದಂಡೆಯ ಪಕ್ಕದ ಬಾವಿಗಳೂ ಸಿಹಿಯಾಗಬಲ್ಲವು. ಆದರೆ ತೆರೆದ ಕೆರೆಯಲ್ಲಿ ನಿಂತ ನೀರು ಬಿಸಿಲಿಗೆ ಕುಗ್ಗುತ್ತ, ಪಾಚಿಗಟ್ಟುತ್ತ ಏಪ್ರಿಲ್ ಮೇ ತಿಂಗಳಿಗೆ ಜುಲೈಯ ನೀರಾಗಿ ಉಳಿದಿರುವುದಿಲ್ಲ. ಜೊತೆಗೆ, ಬಾವಿಯ ನೀರು ಊರಿನ ಹೊಣೆಯಾಗಿತ್ತು. ನಾಲೆಯ ನೀರಿನ ಗುಣ ಊರಿಗೆ ಕಾಣದ ನೂರಾರು ಮೈಲಿಗಳ ಹೊಣೆಯಾಯಿತು.

ಆ ಮೈಲಿಗಳಲ್ಲಿ ಹರಿಹರವೂ ಸೇರಿದೆ. ಅಲ್ಲಿ 1970ರ ದಶಕದ ಆರಂಭದಲ್ಲಿ ಎದ್ದ ಪಾಲಿಫೈಬರ್ ಕಾರ್ಖಾನೆಯ ಕೊಳೆನೀರು ಹೊಳೆಗೆ ಸೇರುವ ವಿರುದ್ಧ, ಮೀನುಗಳು ಸತ್ತು ತೇಲಿದ ಬಳಿಕ, 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ನಡೆಸಿದ ಹೋರಾಟ ಕರ್ನಾಟಕದ ಪರಿಸರ ಚಳವಳಿಯ ಆರಂಭದ ಅಧ್ಯಾಯಗಳಲ್ಲಿ ಒಂದು. ಜಲಮಾಲಿನ್ಯ ತಡೆಯ 1974ರ ಕಾಯಿದೆ ಆಗಲೇ ಜಾರಿಯಲ್ಲಿತ್ತು. ಅದು ರಾಜ್ಯಕ್ಕೊಂದು ಮಂಡಳಿಯನ್ನು ಕೊಟ್ಟಿತೇ ಹೊರತು ಹೊಳೆಗೊಂದು ಮಂಡಳಿಯನ್ನಲ್ಲ. ತುಂಗಭದ್ರಾ ಮಂಡಳಿಯ ದೈನಂದಿನ ಭಾಷೆ ಕ್ಯೂಸೆಕ್ಸು, ಟಿಎಂಸಿಗಳದ್ದು. ಹೂಳಿನಿಂದ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105.8ಕ್ಕೆ ಇಳಿದದ್ದು, 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದದ್ದು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಪ್ರತಿದಿನದ ಸುದ್ದಿಯಾದವು. ನಾಲೆಯ ಬಾಲಕ್ಕೆ ಮುಟ್ಟುವ ನೀರು ದಾರಿಯ ಗದ್ದೆಗಳ ಗೊಬ್ಬರವನ್ನೂ ಊರುಗಳ ಚರಂಡಿಯನ್ನೂ ಎಷ್ಟು ಹೊತ್ತು ತರುತ್ತದೆಂಬುದಕ್ಕೆ ಅಂಥ ಓದುಗರಿಲ್ಲ.

ನಾಲೆ ತಲುಪದ ಹಳ್ಳಿಗಳಿಗೆ ಉತ್ತರವಾಗಿ ಬಂದದ್ದು ಕೊಳವೆಬಾವಿ. 1966-67ರ ಬರದ ಕಾಲದಲ್ಲಿ ಯುನಿಸೆಫ್ ಗಟ್ಟಿಶಿಲೆಯನ್ನು ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತಂದಿತು. 1970ರ ದಶಕದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಕೈಪಂಪು ಹಳ್ಳಿಯ ದೃಶ್ಯವನ್ನೇ ಬದಲಿಸಿತು. ಮುಚ್ಚಿದ ಕೊಳವೆಯ ನೀರಿಗೆ ಯಾರ ಕಾಲೂ ತಾಗುವುದಿಲ್ಲ. ನಾರುಹುಳುವಿನ ಅಂತ್ಯಕ್ಕೆ ಇದು ನೆರವಾಯಿತು. ಆದರೆ ಆಳದ ಶಿಲೆಯಲ್ಲಿ ಬಹುಕಾಲ ನಿಂತ ನೀರು ಅಭ್ರಕ, ಹಾರ್ನ್‌ಬ್ಲೆಂಡ್, ಅಪಟೈಟ್ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲಿ ಅದು ಇನ್ನಷ್ಟು ಕರಗುತ್ತದೆ. ಫ್ಲೋರೋಸಿಸ್ ರೋಗವನ್ನು ಭಾರತದಲ್ಲಿ ಮೊದಲು ವೈದ್ಯಕೀಯವಾಗಿ ವಿವರಿಸಿದ್ದು 1937ರಲ್ಲಿ, ಅದೇ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅಂದು ಅದು ತೋಡುಬಾವಿಗಳ ರೋಗ. ಕೊಳವೆಬಾವಿ ಅದನ್ನು ಇನ್ನೂ ಆಳಕ್ಕೆ, ಇನ್ನೂ ಹೆಚ್ಚು ಊರುಗಳಿಗೆ ಒಯ್ದಿತು. ಕರ್ನೂಲು ಜಿಲ್ಲೆಯೂ ಫ್ಲೋರೈಡ್ ಬಾಧಿತ ಗ್ರಾಮಗಳಿರುವ ಜಿಲ್ಲೆಗಳಲ್ಲಿ ಒಂದು.

ಮೆದುವಾದ ಈ ನೀರು ನಾಲಿಗೆಗೆ ಹಿತವಾಗಿರುವುದುಂಟು. ಬೇಳೆ ಬೇಯುತ್ತದೆ, ಸಾಬೂನು ನೊರೆ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ದಾಟಿದ ಫ್ಲೋರೈಡನ್ನು ಆಗಲಿ, 45 ಮಿಲಿಗ್ರಾಂ ದಾಟಿದ ನೈಟ್ರೇಟನ್ನು ಆಗಲಿ ಯಾವ ಅಜ್ಜಿಯ ನಾಲಿಗೆಯೂ ಹಿಡಿಯಲಾರದು. ಉಪ್ಪಾರ ಬಲ್ಲ ಸವುಳಿನ ಜ್ಞಾನ ಇಲ್ಲಿ ನಿಲ್ಲುತ್ತದೆ. ಮೆಟ್ಟಿಲುಬಾವಿಯ ಸೈಕ್ಲಾಪ್ಸಿನ ಮುಂದೆ ಸೋತಂತೆಯೇ ಸಿಹಿನೀರು ಎಂಬ ಪದ ಎರಡನೆಯ ಬಾರಿಗೆ ಸೋಲುತ್ತದೆ. ಮಂಚಿನೀಳ್ಳು ಎಂಬ ಪದಕ್ಕೆ ಇನ್ನೂ ದೊಡ್ಡ ಸೋಲು, ಏಕೆಂದರೆ ಅದು ಒಳಿತನ್ನೇ ಹೇಳಿಬಿಟ್ಟಿರುತ್ತದೆ. ಹಾಗೆಂದು ಹಳೆಯ ಪದಗಳನ್ನು ಅಜ್ಞಾನದ ಕುರುಹೆಂದು ಬದಿಗಿಡುವುದೂ ತಪ್ಪು. ಲವಣಾಂಶದ ವಿಷಯದಲ್ಲಿ ಅವು ಸಾವಿರಾರು ವರ್ಷ ನಂಬಿಕೆಗೆ ಅರ್ಹವಾಗಿದ್ದವು, ಇಂದಿಗೂ ಇವೆ.

ಅಳತೆಯನ್ನು ಹಳ್ಳಿಯ ಕೈಗೆ ಕೊಡುವ ಒಂದು ಪ್ರಯೋಗ ಕರ್ನೂಲು ಸೇರಿದಂತೆ ಅವಿಭಜಿತ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ ನಡೆಯಿತು. ರೈತರೇ ನಿರ್ವಹಿಸುವ ಅಂತರ್ಜಲ ವ್ಯವಸ್ಥೆ ಎಂಬ ಆ ಯೋಜನೆ 2003ರಲ್ಲಿ ಆರಂಭವಾಯಿತು. ಆಹಾರ ಮತ್ತು ಕೃಷಿ ಸಂಸ್ಥೆಯ ನೆರವು ಅದಕ್ಕಿತ್ತು. ಹಗ್ಗ ಇಳಿಬಿಟ್ಟು ಬಾವಿಯ ಮಟ್ಟ ಅಳೆಯುವುದು, ಮಳೆಮಾಪಕ ಓದುವುದು, ಹಿಂಗಾರಿಗೆ ಮುನ್ನ ಊರೆಲ್ಲ ಕುಳಿತು ಎಷ್ಟು ನೀರಿದೆ, ಯಾವ ಬೆಳೆಗೆ ಎಷ್ಟು ಬೇಕು ಎಂದು ಲೆಕ್ಕ ಹಾಕುವುದು, ಇವು ಅಲ್ಲಿ ಹೆಂಗಸರೂ ಗಂಡಸರೂ ಕಲಿತ ವಿದ್ಯೆ. ಆಗಲೇ 2002ರ ನೀರು, ಭೂಮಿ ಮತ್ತು ಮರಗಳ ಕಾಯಿದೆ ಬಾವಿಗಳ ನೋಂದಣಿಯನ್ನು ಕಡ್ಡಾಯಗೊಳಿಸಿತ್ತು. ಕಾಯಿದೆ ಅನುಮತಿಯ ಭಾಷೆಯಲ್ಲಿ ಮಾತನಾಡಿದರೆ, ಪ್ರಯೋಗ ಅರಿವಿನ ಭಾಷೆಯಲ್ಲಿ ಮಾತನಾಡಿತು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಪ್ರತಿ ಗ್ರಾಮದಲ್ಲಿ ಐವರು ಹೆಂಗಸರಿಗೆ ನೀರಿನ ಪರೀಕ್ಷಾ ಪೆಟ್ಟಿಗೆಯನ್ನು ಬಳಸುವ ತರಬೇತಿಯನ್ನು ವಿಧಿಸಿದೆ. ಕ್ಲೋರೈಡ್, ಗಡಸುತನ, ನೈಟ್ರೇಟ್, ಫ್ಲೋರೈಡ್ ಎಂಬ ಅಂಕಣಗಳಿರುವ ಆ ಹಾಳೆಯಲ್ಲಿ ಮೊದಲೆರಡನ್ನು ಕೌತಾಳಂ, ಹೊಳಗುಂದ, ಹಾಲಹರ್ವಿಗಳ ಕನ್ನಡ ಮನೆಗಳು ಸವುಳು ಎಂಬ ಒಂದೇ ಪದದಿಂದ ಬಹುಕಾಲದಿಂದ ಬಲ್ಲವು. ಉಳಿದೆರಡಕ್ಕೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮನೆಯ ಮಾತಿನ ಹೆಸರು ಇನ್ನೂ ಹುಟ್ಟಿಲ್ಲ.